ಇಲ್ಲದ ಬಾವಿಯನ್ನೂ ನಕ್ಷೆಗೆ ಹಾಕಿ

ಪುಣೆಯ ಹಳೇ ಪೇಟೆಗಳಲ್ಲಿ ಹಿರಿಯರನ್ನೂ ಕಾಲೇಜು ಹುಡುಗರನ್ನೂ ಜೊತೆಗೆ ನಡೆಸಿ, ಓಣಿಯ ನಕ್ಷೆ ಮಾಡಿಸುವುದು ನನ್ನ ಕೆಲಸ. ಮರ, ಬಾವಿ, ಹಳ್ಳ, ಗುಡಿ ಎಲ್ಲವೂ ಅದರಲ್ಲಿ ಬರಬೇಕು. ಪ್ರತಿ ಸಲ ಒಂದೇ ತಪ್ಪು ಆಗುತ್ತದೆ. ಅಜ್ಜಿ "ಇಲ್ಲೊಂದು ಬಾವಿ ಇತ್ತು" ಅನ್ನುತ್ತಾರೆ. ಹುಡುಗ ತಲೆಯೆತ್ತಿ ನೋಡುತ್ತಾನೆ. ಸ್ಕೂಟರ್‌ಗಳು ನಿಂತಿವೆ. "ಈಗ ಇಲ್ವಲ್ಲ ಅಜ್ಜಿ" ಅಂತ ಮುಂದೆ ಹೋಗುತ್ತಾನೆ.

ನನಗೆ ಅಲ್ಲೇ ಸಿಟ್ಟು ಬರುತ್ತದೆ. ಇರುವ ಸ್ಕೂಟರ್ ಸ್ಟ್ಯಾಂಡು ಯಾವ ಫೋನಿನಲ್ಲೂ ಕಾಣುತ್ತದೆ. ಹೋದ ಬಾವಿ ಆ ಅಜ್ಜಿಯ ಹತ್ತಿರ ಮಾತ್ರ ಇದೆ. ಅದನ್ನು ಬರೆದುಕೊಳ್ಳದಿದ್ದರೆ ಅವರನ್ನು ಬಿಸಿಲಲ್ಲಿ ಯಾಕೆ ನಡೆಸಬೇಕು?

ಹೋದದ್ದನ್ನು ಬರೆದುಕೊಂಡು ಏನು ಲಾಭ ಅಂತ ಕೇಳುತ್ತಾರೆ. ಸಾರಸ್‌ಬಾಗ್ ಉದ್ಯಾನ ನೋಡಿ. ಅಲ್ಲಿನ ಗಣಪತಿಗೆ ಹಳಬರು 'ತಳ್ಯಾತಲಾ ಗಣಪತಿ' ಅನ್ನುತ್ತಾರೆ, ಅಂದರೆ ಕೆರೆಯೊಳಗಿನ ಗಣಪ. ಈಗ ಸುತ್ತ ಹುಲ್ಲುಹಾಸು. ಪೇಶ್ವೆ ನಾನಾಸಾಹೇಬರ ಕಾಲದಲ್ಲಿ ಆಂಬಿಲ್ ಓಢಾ ಎಂಬ ಹಳ್ಳಕ್ಕೆ ಒಡ್ಡು ಹಾಕಿ, ಪರ್ವತಿ ಗುಡ್ಡದ ಬುಡದಲ್ಲಿ ಕೆರೆ ಮಾಡಿದ್ದರು. ಕೆರೆ ಹೋಯಿತು, ಹೆಸರಿನಲ್ಲಿ ನೀರು ಉಳಿಯಿತು. ಹಳ್ಳ ಮಾತ್ರ ಎಲ್ಲೂ ಹೋಗಿಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಮಳೆ ಜೋರಾದಾಗ ಅದೇ ಆಂಬಿಲ್ ಓಢಾ ಉಕ್ಕಿ ದಡದ ಮನೆಗಳಿಗೆ ನುಗ್ಗಿತು. ಜನ ಸತ್ತರು. ನೀರು ಹಿಂದೆ ಎಲ್ಲಿ ನಿಂತಿತ್ತು, ಎಲ್ಲಿ ಹರಿದಿತ್ತು ಅಂತ ಗೊತ್ತಿರುವುದು ಸುಮ್ನೆ ಹಳೇ ಕಥೆಯಲ್ಲ, ಅಲ್ವಾ?

ಹೆಸರುಗಳನ್ನೂ ತಿದ್ದಬೇಡಿ. ಲಕಡೀ ಪೂಲ್ ಅಂದರೆ ಕಟ್ಟಿಗೆಯ ಸೇತುವೆ, ಅದರಲ್ಲಿ ಈಗ ಕಟ್ಟಿಗೆ ಇಲ್ಲ. ಪಾಸೋಡ್ಯಾ ವಿಠೋಬನ ಗುಡಿಗೆ ಆ ಹೆಸರು ಬಂದದ್ದು ಹತ್ತಿರದಲ್ಲಿ ಪಾಸೋಡಿ ಎಂಬ ದಪ್ಪ ಹೊದಿಕೆ ಮಾರುತ್ತಿದ್ದರು ಅಂತ. ಹಿರಿಯರು ಹೇಳಿದ ಹೆಸರನ್ನು ಹಾಗೇ ಬರೆಯಿರಿ.

ಇಸವಿ ಕೇಳಬೇಡಿ. ಇಸವಿ ಕೇಳಿದರೆ ಹಿರಿಯರು ಗಾಬರಿಯಾಗುತ್ತಾರೆ, ಏನೋ ಒಂದು ಹೇಳಿಬಿಡುತ್ತಾರೆ. ಪುಣೆಯಲ್ಲಿ ಕೇಳಬೇಕಾದ್ದು ಹೀಗೆ: "ಪಾನ್‌ಶೇತ್‌ಗಿಂತ ಮೊದಲಾ, ಆಮೇಲಾ?" 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಅದರ ನೀರಿಗೆ ಕೆಳಗಿನ ಖಡಕ್‌ವಾಸಲಾ ಅಣೆಕಟ್ಟು ಕೂಡ ಹೋಯಿತು. ಮುಠಾ ನದಿ ಪೇಟೆಗಳನ್ನು ಮುಳುಗಿಸಿತು. ಆ ದಿನ ಕಂಡವರು ಯಾರೂ ಮರೆತಿಲ್ಲ.

ಹೋದ ಮಳೆಗಾಲಕ್ಕೆ ಮುಂಚೆ ನಾರಾಯಣ ಪೇಟೆಯಲ್ಲಿ ಧಾರವಾಡದ ಕಡೆಯ ಒಬ್ಬ ಅಜ್ಜಿ ನಮ್ಮ ಜೊತೆ ಬಂದಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮರುವರ್ಷವೇ ಪಾನ್‌ಶೇತ್ ಒಡೆದಿತ್ತು. ಜೊತೆಗಿದ್ದವಳು ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಮಾತಾಡುವ ಎಂಜಿನಿಯರಿಂಗ್ ಹುಡುಗಿ. ಬಾವಿ ವಿಷಯ ಬಂದಾಗ ಇವಳೂ ಹಾಳೆಯಲ್ಲಿ 'ಇಲ್ಲ' ಅಂತ ಬರೆದಳು. ಅಜ್ಜಿ ಏನೂ ಅನ್ನದೆ ಪಕ್ಕದ ಹಳೇ ವಾಡೆಯೊಳಗೆ ಹೋದರು. ಕಲ್ಲಿನ ಮೆಟ್ಟಿಲು ಹತ್ತುತ್ತಾ, ಒಂದೊಂದಕ್ಕೂ ಕೋಲು ತಾಗಿಸಿ ಎಣಿಸಿದರು. ಒಂಬತ್ತನೆಯದರಲ್ಲಿ ನಿಂತರು. "ಇಲ್ಲೀತನಕಾ ನೀರು ನೋಡವಾ. ಇಳದ ಮ್ಯಾಲೆ ಬಾವಿ ತುಂಬಾ ರಾಡಿ. ನಳದಾಗ ಹನಿ ನೀರಿಲ್ಲ. ಹೌದಿನಿಂದ ಕೊಡಾ ಹೊತ್ತೀವಿ."

ಹೌದ್ ಅಂದರೆ ಹುಡುಗಿಗೆ ಗೊತ್ತಿರಲಿಲ್ಲ. ಸುಮಾರು 1750ರ ಹೊತ್ತಿಗೆ ಕಾತ್ರಜ್ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ತಂದು ಪೇಟೆಗಳ ತೊಟ್ಟಿಗಳಿಗೆ ಬಿಟ್ಟಿದ್ದರು. ಆ ತೊಟ್ಟಿಯೇ ಹೌದ್. ಒಂದು ಬಾವಿ ಕೇಳಲು ಹೋಗಿ ನಮಗೆ ನೆರೆಯ ಮಟ್ಟ, ಬಾವಿ ಹೋದ ಕಾರಣ, ಕುಡಿಯುವ ನೀರಿನ ದಾರಿ ಮೂರೂ ಸಿಕ್ಕವು. ಹುಡುಗಿ ಟೇಪು ಹಿಡಿದು ಮೆಟ್ಟಿಲಿನ ಎತ್ತರ ಅಳೆದಳು.

ಒಂದಿಷ್ಟು ಎಚ್ಚರವೂ ಬೇಕು. ನೆನಪು ಜಾರುತ್ತದೆ. ಇನ್ನೊಬ್ಬ ಹಿರಿಯರನ್ನು ಬೇರೆಯಾಗಿ ಕೇಳಿ, ಇಬ್ಬರ ಮಾತು ಕೂಡದಿದ್ದರೆ ಎರಡನ್ನೂ ಬರೆಯಿರಿ. ಇರುವುದಕ್ಕೆ ಗಟ್ಟಿ ಗೆರೆ, ಹೋದದ್ದಕ್ಕೆ ಚುಕ್ಕೆ ಗೆರೆ, ಪಕ್ಕದಲ್ಲಿ ಯಾರು ಹೇಳಿದ್ದು ಅನ್ನುವುದು. 1961ರದು ಅಣೆಕಟ್ಟು ಒಡೆದ ನೀರು, 2019ರದು ಮಳೆ ನೀರು. ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಬೇಡಿ. ಇಂಥ ನಕ್ಷೆ ಜಾಗದ ತಕರಾರಿಗೆ ಸಾಕ್ಷಿಯೂ ಅಲ್ಲ. ಗೂಬೆ ಗೂಡು, ಔಷಧಿ ಗಿಡದ ಜಾಗ ಎಲ್ಲರಿಗೂ ಕಾಣುವ ನಕ್ಷೆಗೆ ಹಾಕಲೇಬೇಡಿ. ಮತ್ತೆ, ಒಂದು ಮಡಚುವ ಕುರ್ಚಿ ಒಯ್ಯಿರಿ. ಮಂಡಿ ನೋವಿದ್ದವರು ಕೇಳಲು ಸಂಕೋಚಪಡುತ್ತಾರೆ.

ಆ ದಿನ ಹುಡುಗಿ 'ಇಲ್ಲ' ಅಳಿಸಿ, ಅದೇ ಜಾಗದಲ್ಲಿ ಚುಕ್ಕೆ ಚುಕ್ಕೆಯಾಗಿ ಒಂದು ವೃತ್ತ ಬರೆದು ತೋರಿಸಿದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಸಣ್ಣದಾತಲ್ಲವಾ. ಬಾವಿ ದೊಡ್ಡದಿತ್ತು."