ಬೆರೋ-ಆಯ್: ಬರ್ಲಿನ್‌ನಿಂದ ಬಂದ ಜಪಾನಿನ ನೀಲಿ

ಜಪಾನಿನ ಕಲಾವಿದ ಹೊಕುಸಾಯ್‌ನ ಆ ದೊಡ್ಡ ಅಲೆಯ ಚಿತ್ರವನ್ನು ಟೀ-ಶರ್ಟ್ ಮೇಲೋ ಮೊಬೈಲ್ ಕವರ್ ಮೇಲೋ ನೀವು ನೋಡೇ ಇರುತ್ತೀರಿ. ಆ ಅಲೆಯ ನೀಲಿಯ ಹೆಸರು ಬೆರೋ-ಆಯ್. ಬೆರೋ ಅಂದರೆ ಬರ್ಲಿನ್, ಆಯ್ ಅಂದರೆ ನೀಲಿ. ನಮ್ಮ ‘ನೀಲಿ’ಯ ಹಾಗೇ ಆಯ್ ಕೂಡ ಬಣ್ಣದ ಹೆಸರೂ ಹೌದು, ಗಿಡದ ಹೆಸರೂ ಹೌದು. ಆದರೆ ಬೆರೋ-ಆಯ್ ಯಾವ ಗಿಡದಿಂದಲೂ ಬಂದದ್ದಲ್ಲ. 18ನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಯಾರೋ ಕೆಂಪು ಬಣ್ಣ ಮಾಡಲು ಹೋದಾಗ ಆಕಸ್ಮಿಕವಾಗಿ ಸಿಕ್ಕ, ಕಬ್ಬಿಣದ ಅಂಶವಿರುವ ಪುಡಿ ಅದು. ನಾವು ಪ್ರಷ್ಯನ್ ಬ್ಲೂ ಅನ್ನುತ್ತೇವೆ.

ಆ ಅಲೆಯ ಚಿತ್ರ ಮರದಚ್ಚಿನದು, ಅಂದರೆ ಕೆತ್ತಿದ ಮರದ ಹಲಗೆಗೆ ಬಣ್ಣ ಹಚ್ಚಿ ಕಾಗದಕ್ಕೆ ಒತ್ತಿದ್ದು. ಬೆರೋ-ಆಯ್ ಬರುವ ಮುಂಚೆ ಜಪಾನಿನಲ್ಲಿ ಇಂಥ ಚಿತ್ರಗಳಿಗೆ ಹೆಚ್ಚಾಗಿ ಗಿಡಗಳ ಬಣ್ಣವೇ. ಕೆಂಪಿಗೆ ಕುಸುಬೆ ಹೂವು (ಉತ್ತರ ಕರ್ನಾಟಕದ ಹೊಲಗಳಲ್ಲಿ ಎಣ್ಣೆಗೆ ಬೆಳೆಯುತ್ತಾರಲ್ವಾ, ಅದೇ ಕುಸುಬೆ), ಹಳದಿಗೆ ಅರಿಶಿನ, ನೀಲಿಗೆ ತ್ಸುಯುಕುಸಾ ಎಂಬ ಪುಟ್ಟ ಹೂವಿನ ರಸ. ಈ ಹೂವಿನ ನೀಲಿ ಬಿಸಿಲನ್ನೂ ತಡೆಯದು, ತೇವವನ್ನೂ ತಡೆಯದು.

1830ರ ಹೊತ್ತಿಗೆ ಬೆರೋ-ಆಯ್ ಧಾರಾಳವಾಗಿ ಸಿಗತೊಡಗಿತು. ಅಚ್ಚು ಹಾಕುವವರ ಕೈಗೆ ಇದು ಹಬ್ಬ. ಮರದ ಹಲಗೆಯನ್ನು ಒದ್ದೆ ಮಾಡಿ, ಒಂದು ಅಂಚಿಗೆ ಮಾತ್ರ ಬಣ್ಣ ಹಚ್ಚಿ, ಬ್ರಷ್‌ನಿಂದ ನಿಧಾನವಾಗಿ ಎಳೆದು ತೆಳುವಾಗಿಸುತ್ತಾರೆ. ಮೇಲೆ ಕಡುನೀಲಿ, ಕೆಳಗಿಳಿದಂತೆ ಬಿಳಿ ಆಕಾಶ. ಇದೇ ಬೊಕಾಶಿ. ಹೊಕುಸಾಯ್‌ನ ಫ್ಯೂಜಿ ಬೆಟ್ಟದ ಸರಣಿಯ ಮೊದಲ 36 ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಗೆರೆಗಳೂ ನೀಲಿಯೇ, ಆಮೇಲೆ ಸೇರಿದ 10ಕ್ಕೆ ಕಪ್ಪು ಗೆರೆ.

ನಿಜವಾದ ಕೃತಕ ಡೈಗಳು ಬಂದದ್ದು ಇನ್ನೂ ತಡವಾಗಿ. 1856ರಲ್ಲಿ ಲಂಡನ್‌ನಲ್ಲಿ 18ರ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನ ಮೂಲದಿಂದ ನೇರಳೆ ಬಣ್ಣ ತೆಗೆದ. 1860ರ ದಶಕದಲ್ಲೇ ಇಂಥ ಅನಿಲಿನ್ ಬಣ್ಣಗಳು ಜಪಾನಿನ ಚಿತ್ರಗಳಿಗೂ ಇಳಿದವು. ಪ್ರಷ್ಯನ್ ಬ್ಲೂ ಕರಗದ ಪುಡಿ, ಇವು ನೀರಲ್ಲಿ ಕರಗಿ ಕಾಗದದ ನಾರಿನೊಳಗೇ ಇಳಿಯುತ್ತವೆ. ಮೇಯ್ಜಿ ಕಾಲದ (1868ರಿಂದ 1912) ಚಿತ್ರಗಳ ಕಣ್ಣು ಕುಕ್ಕುವ ನೇರಳೆ ಇವುಗಳದ್ದೇ.

ಅದನ್ನು ನೋಡಿ ‘ಕೆಮಿಕಲ್ ಬಣ್ಣ, ಸಂಪ್ರದಾಯ ಕೆಟ್ಟಿತು’ ಅನ್ನುವವರು ಜಾಸ್ತಿ. ನನಗೆ ಇದು ಸರಿ ಅನ್ನಿಸುವುದಿಲ್ಲ. ಹೊಕುಸಾಯ್‌ನ ನೀಲಿಯೂ ಕೆಮಿಕಲ್ಲೇ, ಅದೂ ಯುರೋಪಿನಲ್ಲೇ ಹುಟ್ಟಿದ್ದು. ಇನ್ನೊಂದು ಮಾತು: ಅನಿಲಿನ್ ನೇರಳೆ ಬೆಳಕಿಗೆ ಬೇಗ ಮಾಸುತ್ತದೆ. ಗೋಡೆಗೆ ತೂಗಿದ ಪ್ರತಿ ಸಪ್ಪೆಯಾಗಿರುತ್ತದೆ, ಆಲ್ಬಮ್‌ನಲ್ಲಿ ಮುಚ್ಚಿಟ್ಟ ಅದೇ ಚಿತ್ರದ ಪ್ರತಿಯಲ್ಲಿ ಕಿಮೊನೊ ನಿನ್ನೆ ಮೊನ್ನೆ ಅಚ್ಚಾದ ಹಾಗೆ ಹೊಳೆಯುತ್ತದೆ.