ಮರೆವಿನ ಕಾಯಿಲೆಯ ಸಂಶೋಧನೆಗೆ ಸರಕಾರ ಕೊಡುವ ದುಡ್ಡು ನಮ್ಮ ಅಮ್ಮನ ತನಕ ಬರುತ್ತದಾ?

ಪ್ರಶ್ನೆ: ಅಮ್ಮನಿಗೆ 74 ವರ್ಷ. ಅಲ್ಝೈಮರ್ಸ್ ಅಂತ ಡಾಕ್ಟರು ಹೇಳಿ ಎಂಟು ತಿಂಗಳಾಯಿತು. ಇದರ ಸಂಶೋಧನೆಗೆ ಸರಕಾರಗಳು ಕೋಟಿಗಟ್ಟಲೆ ಸುರಿಯುತ್ತವಂತೆ. ಕಾಸರಗೋಡಿನ ಪೆರ್ಲದಲ್ಲಿರುವ ನಮಗೆ ಅದರಿಂದ ಏನು ಸಿಕ್ಕಿದೆ?

ಉತ್ತರ: ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ. ಸಂಶೋಧನೆಯ ಹಣ ರೋಗಿಯ ಖಾತೆಗೆ ಬರುವಂಥದ್ದೂ ಅಲ್ಲ. ಆದರೆ ಒಂದು ಸಂಗತಿ ನಮ್ಮ ಜಗಲಿಯ ತನಕ ಬಂದಿದೆ: ನಮ್ಮ ಭಾಷೆಯಲ್ಲೇ ಮಾಡುವ ನೆನಪಿನ ಪರೀಕ್ಷೆ. ಕೇಳಿ ಪಡೆಯುವವರು ಕಡಿಮೆ.

ನನ್ನ ದೊಡ್ಡಮ್ಮನನ್ನು ಮೊದಲ ಸಲ ಪರೀಕ್ಷೆಗೆ ಕರೆದೊಯ್ದದ್ದು ಆಗಸ್ಟ್ ಕೊನೆಗೆ. ಇದು ಯಾವ ತಿಂಗಳು ಎಂದು ಮಲಯಾಳದಲ್ಲಿ ಕೇಳಿದರು. ದೊಡ್ಡಮ್ಮ ಸ್ವಲ್ಪ ತಡೆದು "ಸೋಣ" ಎಂದರು. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕದ ತಿಂಗಳಿಗೆ ತುಳುವಿನಲ್ಲಿ ಅದೇ ಹೆಸರು; ಉತ್ತರ ಸರಿಯೇ. ಆ ತಿಂಗಳ ಪದ್ಧತಿಯಂತೆ ಬೆಳಗ್ಗೆ ಹೊಸ್ತಿಲು ಬರೆದು (ರಂಗೋಲಿ ಹಾಕಿ), ಹೂವಿಟ್ಟೇ ಹೊರಟವರು ಅವರು. ಕಾಗದದಲ್ಲಿ ಸೊನ್ನೆ ಬಿತ್ತು. ಆಮೇಲೆ ಒಂದು ವಾಕ್ಯ ಬರೆಯಲು ಹೇಳಿದರು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಅಲ್ಲಿ ಸೋತದ್ದು ನೆನಪು ಎಷ್ಟು, ಭಾಷೆ ಎಷ್ಟು?

ಸರಕಾರದ ದುಡ್ಡು ಕೆಲಸ ಮಾಡಿರುವುದು ಇಲ್ಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮರೆವಿನ ಕಾಯಿಲೆ ಗುರುತಿಸುವ ಪರೀಕ್ಷೆಗಳ ಒಂದು ಕಟ್ಟನ್ನು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಐದರಲ್ಲೂ ಸಿದ್ಧಪಡಿಸಿದೆ. ನಮ್ಮ ಓದಿನ ಮಟ್ಟ, ನಮ್ಮ ಬದುಕು ಗಮನದಲ್ಲಿಟ್ಟು ಮಾಡಿದ್ದು. ಇಂಗ್ಲಿಷಿನಿಂದ ಸುಮ್ಮನೆ ಭಾಷಾಂತರಿಸಿದ್ದಲ್ಲ. ಕನ್ನಡವೂ ಮಲಯಾಳವೂ ಆ ಐದರಲ್ಲಿ ಇರುವುದು ಕಾಸರಗೋಡಿನವರ ಭಾಗ್ಯವೆಂದೇ ನಾನು ತಿಳಿದಿದ್ದೇನೆ.

ಉಳಿದಂತೆ ನಮ್ಮ ದೇಶದ ಲೆಕ್ಕ ತೆಳುವಾಗಿದೆ. ಅಮೆರಿಕ 2011ರಲ್ಲಿ ಈ ಕಾಯಿಲೆಗೆಂದೇ ಕಾಯ್ದೆ ಮಾಡಿತು. ಅಲ್ಲಿನ ಸಂಶೋಧನಾ ಅನುದಾನ ಆಗ ವರ್ಷಕ್ಕೆ ಸುಮಾರು 45 ಕೋಟಿ ಡಾಲರ್ ಇದ್ದದ್ದು ಈಗ 300 ಕೋಟಿ ದಾಟಿದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಅಲ್ಝೈಮರ್ಸ್ ಸೇರಿದಂತೆ ಮರೆವಿನ ಕಾಯಿಲೆಗಳ ಒಟ್ಟು ಹೆಸರು) ಇದೆ ಎಂಬ ಅಂದಾಜು ಕೊಟ್ಟ ಅಧ್ಯಯನಕ್ಕೂ ಹಣ ಕೊಟ್ಟದ್ದು ಅಮೆರಿಕದ ಸರಕಾರಿ ಸಂಸ್ಥೆ. ಕೋಲಾರದ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುತ್ತಿರುವ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ ನಿಂತಿರುವುದು ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ದತ್ತಿಯ ಮೇಲೆ. ಅವರಿಗೆ ಕೃತಜ್ಞತೆ ಇದೆ; ಆದರೆ ಇದು ಸರಕಾರ ಹೊರಬೇಕಾದ ಹೊರೆ.

ಇನ್ನೊಂದು ಮಾತು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ. ಮನೆಯಲ್ಲೊಂದು, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಊರಲ್ಲಿ ಇಂಥ ಅಧ್ಯಯನ ಯಾಕೆ ನಡೆಯಬಾರದು?

ಮುಂದಿನ ಸಲ ಹೋಗುವಾಗ ಒಂದು ಚೀಟಿ ಬರೆದಿಟ್ಟುಕೊಳ್ಳಿ: ಅಮ್ಮನ ಮನೆಮಾತು, ಎಷ್ಟನೇ ಕ್ಲಾಸಿನ ತನಕ ಓದಿದ್ದು, ತಿಂಗಳನ್ನು ಯಾವ ಹೆಸರಲ್ಲಿ ಹೇಳುತ್ತಾರೆ. ಕನ್ನಡದಲ್ಲೇ ಪರೀಕ್ಷೆ ಬೇಕು ಎಂದು ಬಾಯಿಬಿಟ್ಟು ಕೇಳಿ. ದೊಡ್ಡಮ್ಮನಿಗೆ ಮಂಗಳೂರಿನಲ್ಲಿ ಹಾಗೆ ಮಾಡಿಸಿದೆವು. ಕಾಯಿಲೆ ಇದ್ದದ್ದು ಹೌದು, ಆದರೆ ಈಗಷ್ಟೇ ಶುರುವಾದದ್ದು ಎಂದರು. ಮುಂದಿನ ಸೋಣದಲ್ಲೂ ಹೊಸ್ತಿಲು ಅವರೇ ಬರೆದರು.