ತಂತಿಯಿಂದ ಎರಡು ಮಿಲಿಮೀಟರ್ ದೂರ

ಮಳೆಗಾಲ ಶುರುವಾಯಿತೆಂದರೆ ನನಗೆ ಒಂದೇ ಬಗೆಯ ಫೋನ್ ಜಾಸ್ತಿ ಬರುತ್ತದೆ. "ಸರ್, ಪಿಯಾನೊದಲ್ಲಿ ನಾಲ್ಕೈದು ಕೀ ಸತ್ತುಹೋಗಿವೆ. ಒತ್ತಿದರೆ ದಬ್ ಅನ್ನುತ್ತೆ ಅಷ್ಟೆ."

ಹೋಗಿ ಮುಂದಿನ ಹಲಗೆ ತೆಗೆದು ನೋಡಿದರೆ ಎಷ್ಟೋ ಸಲ ತಂತಿಗಳು ಸರಿಯಾಗೇ ಇರುತ್ತವೆ. ಕೀ ಒತ್ತಿದಾಗ ಎದ್ದುಬರುವ ಚಿಕ್ಕ ಸುತ್ತಿಗೆ ಮಾತ್ರ ತಂತಿಗೆ ಹೊಡೆದು ಅಲ್ಲೇ ಒತ್ತಿಕೊಂಡು ನಿಂತಿರುತ್ತದೆ. ದೇವಸ್ಥಾನದ ಗಂಟೆ ಹೊಡೆದು, ಅದರ ನಾಲಿಗೆಯನ್ನು ಗಂಟೆಗೇ ಒತ್ತಿ ಹಿಡಿದರೆ ನಾದ ಬರುತ್ತದೆಯೇ? ಇದೂ ಹಾಗೇ. ತೇವಕ್ಕೆ ಮರ, ಫೆಲ್ಟ್ ಎಂಬ ದಪ್ಪ ಉಣ್ಣೆಬಟ್ಟೆ ಉಬ್ಬಿ ಅಳತೆ ತಪ್ಪಿರುತ್ತದೆ. ಒಂದು ಸಣ್ಣ ಸ್ಕ್ರೂ ತಿರುಗಿಸುತ್ತೇನೆ. ಸುತ್ತಿಗೆ ತಂತಿಯಿಂದ ಎರಡು ಮೂರು ಮಿಲಿಮೀಟರ್ ದೂರ ಇರುವಾಗಲೇ ಕೀಯ ಹಿಡಿತ ಬಿಟ್ಟುಹೋಗಬೇಕು. ಅಷ್ಟಾದರೆ ಸಾಕು, ನಾದ ವಾಪಸ್ ಬರುತ್ತದೆ.

ಪಿಯಾನೊ ಹುಟ್ಟಿದ್ದೇ ಆ ಎರಡು ಮೂರು ಮಿಲಿಮೀಟರ್ ಜಾಗದಲ್ಲಿ ಎಂದು ನಾನು ನಂಬಿದ್ದೇನೆ.

ಅದಕ್ಕಿಂತ ಮೊದಲು ಯುರೋಪಿನ ದೊಡ್ಡ ಮನೆಗಳಲ್ಲಿ ಇದ್ದದ್ದು ಹಾರ್ಪ್ಸಿಕಾರ್ಡ್. ಕೀ ಒತ್ತಿದರೆ ಹಕ್ಕಿ ಗರಿಯ ಚಿಕ್ಕ ಮೊನೆಯೊಂದು ತಂತಿಯನ್ನು ಮೀಟುತ್ತದೆ. ವೀಣೆಯಲ್ಲೂ ಮೀಟುವುದೇ, ಆದರೆ ಅಲ್ಲಿ ಬೆರಳು ನೇರವಾಗಿ ತಂತಿಯ ಮೇಲಿರುತ್ತದೆ. ಮೆಲ್ಲಗೂ ಮೀಟಬಹುದು, ಜೋರಾಗೂ ಮೀಟಬಹುದು. ಹಾರ್ಪ್ಸಿಕಾರ್ಡ್‌ನಲ್ಲಿ ಬೆರಳಿಗೂ ತಂತಿಗೂ ನಡುವೆ ಆ ಗರಿ ನಿಂತುಬಿಡುತ್ತದೆ. ನೀವು ಹೇಗೇ ಒತ್ತಿ, ದನಿ ಹೆಚ್ಚುಕಡಿಮೆ ಒಂದೇ. ಕ್ಲಾವಿಕಾರ್ಡ್ ಎಂಬ ಇನ್ನೊಂದು ವಾದ್ಯವಿತ್ತು. ಅದರಲ್ಲಿ ಹಿತ್ತಾಳೆಯ ತುಂಡು ತಂತಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಮೆಲ್ಲಗೆ, ಜೋರಾಗಿ ಎರಡೂ ಸಾಧ್ಯ. ಆದರೆ ದನಿ ಎಷ್ಟು ಸಣ್ಣದೆಂದರೆ, ಪಕ್ಕದ ಕೋಣೆಗೂ ಕೇಳುವುದು ಕಷ್ಟ.

ಸಂತೂರ್ ನುಡಿಸುವವರನ್ನು ನೋಡಿದ್ದೀರಲ್ವಾ? ಕೋಲು ತಂತಿಗೆ ತಾಗಿದ ಕೂಡಲೇ ಚಿಮ್ಮಿ ಹಿಂದೆ ಬರುತ್ತದೆ. ಕೈ ಅದನ್ನು ತಾನಾಗೇ ಮಾಡುತ್ತದೆ. ಅದೇ ಕೋಲನ್ನು ಕೀಗೆ ಜೋಡಿಸಿದರೆ, ಬೆರಳು ಕೀಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಕೋಲು ತಂತಿಯ ಮೇಲೇ ಇರುತ್ತದೆ. ಈ ತೊಡಕನ್ನು ಬಿಡಿಸಿದವನು ಬಾರ್ತೊಲೊಮೆಯೊ ಕ್ರಿಸ್ಟೋಫೊರಿ.

ಇವನು 1655ರಲ್ಲಿ ಇಟಲಿಯ ಪಾದುವಾದಲ್ಲಿ ಹುಟ್ಟಿದವನು. 1688ರಲ್ಲಿ ಫ್ಲಾರೆನ್ಸ್‌ನ ರಾಜಕುಮಾರ ಫರ್ಡಿನಾಂಡೊ ಮೆಡಿಚಿ ಇವನನ್ನು ಕೆಲಸಕ್ಕೆ ಇಟ್ಟುಕೊಂಡ. ಅರಮನೆಯ ವಾದ್ಯಗಳನ್ನು ನೋಡಿಕೊಳ್ಳುವುದು, ಹೊಸತು ಮಾಡಿಕೊಡುವುದು. ಒಂದು ರೀತಿ ನನ್ನದೇ ಕೆಲಸ, ಅದಕ್ಕೇ ನನಗೆ ಈ ಮನುಷ್ಯನ ಮೇಲೆ ವಿಶೇಷ ಪ್ರೀತಿ. 1700ರ ಅರಮನೆ ಪಟ್ಟಿಯಲ್ಲಿ ಅವನು ಹೊಸದಾಗಿ ಕಂಡುಹಿಡಿದ ವಾದ್ಯವೊಂದು ಸೇರಿದೆ. 'ಪಿಯಾನೊ' ಮತ್ತು 'ಫೋರ್ಟೆ' ಮಾಡಬಲ್ಲದ್ದು, ಅಂದರೆ ಮೆಲ್ಲಗೂ ಜೋರಾಗೂ ನುಡಿಯುವಂಥದ್ದು ಎಂದು ಅಲ್ಲಿ ಬರೆದಿದ್ದಾರೆ. ಇಂದಿನ ಹೆಸರು ಬಂದಿದ್ದು ಆ ಮಾತಿನಿಂದಲೇ.

ಅವನ ಉಪಾಯ ಹೀಗಿದೆ. ಕೀಯ ಹಿಂಬದಿಯಲ್ಲಿ ಒಂದು ಮರದ ತುಂಡು. ಅದು ನಡುವಿನ ಸನ್ನೆಗೋಲೊಂದನ್ನು ತಳ್ಳುತ್ತದೆ, ಸನ್ನೆಗೋಲು ಸುತ್ತಿಗೆಯನ್ನು ಚಿಮ್ಮಿಸುತ್ತದೆ. ಬೆರಳಿಗಿಂತ ಎಷ್ಟೋ ಜಾಸ್ತಿ ವೇಗದಲ್ಲಿ ಸುತ್ತಿಗೆ ಏಳುತ್ತದೆ. ಇನ್ನೇನು ತಂತಿ ತಾಗಬೇಕು ಅನ್ನುವಾಗ ಆ ಮರದ ತುಂಡು ಜಾರಿಕೊಳ್ಳುತ್ತದೆ. ಉಳಿದ ದಾರಿಯನ್ನು ಸುತ್ತಿಗೆ ತಾನೇ ಹಾರಿ, ಹೊಡೆದು, ಹಿಂದೆ ಬೀಳುತ್ತದೆ. ಬಿದ್ದದ್ದು ಮತ್ತೆ ಪುಟಿದು ತಂತಿಗೆ ತಾಗಬಾರದಲ್ಲ, ಅದಕ್ಕೆ ಹಿಡಿದುಕೊಳ್ಳಲು ಇನ್ನೊಂದು ತುಂಡು. ಸುತ್ತಿಗೆಯ ತಲೆಗೆ ಕಾಗದವನ್ನು ಬಳೆಯಂತೆ ಸುತ್ತಿ ಅಂಟಿಸಿ, ಮೇಲೆ ಚರ್ಮ ಹಚ್ಚಿದ್ದ. ಇಂದು ನಾನು ಬಿಚ್ಚಿ ಜೋಡಿಸುವ ಪಿಯಾನೊಗಳಲ್ಲೂ ಈ ಪ್ರತಿಯೊಂದು ಕೆಲಸಕ್ಕೆ ಒಂದೊಂದು ಭಾಗ ಇದೆ. ಅವನು ಮಾಡಿದವುಗಳಲ್ಲಿ ಮೂರು ಪಿಯಾನೊ ಉಳಿದಿವೆ: 1720ರದ್ದು ನ್ಯೂಯಾರ್ಕ್‌ನಲ್ಲಿ, 1722ರದ್ದು ರೋಮ್‌ನಲ್ಲಿ, 1726ರದ್ದು ಲೈಪ್ಜಿಗ್‌ನಲ್ಲಿ.

ಜನ ಕೂಡಲೇ ಒಪ್ಪಲಿಲ್ಲ. 1711ರಲ್ಲಿ ಶಿಪಿಯೋನೆ ಮಾಫೆಯಿ ಎಂಬ ವಿದ್ವಾಂಸ ಈ ವಾದ್ಯದ ಬಗ್ಗೆ ಚಿತ್ರಸಮೇತ ಲೇಖನ ಬರೆದ. ದನಿ ತೀರಾ ಮೆದು ಎಂಬ ದೂರು ಆಗಲೇ ಇತ್ತು. ಇದು ಕೋಣೆಯೊಳಗಿನ ವಾದ್ಯ, ಇದಕ್ಕೆ ಬೇರೆಯೇ ಕೈ ಪಳಗಬೇಕು ಎಂದು ಅವನು ವಾದಿಸಿದ. ಸ್ಪೇನ್ ರಾಣಿ ಮರಿಯಾ ಬಾರ್ಬರಾ ಬಳಿ ಐದು ಪಿಯಾನೊ ಇದ್ದವು. ಅವುಗಳಲ್ಲಿ ಎರಡನ್ನು ಹಾರ್ಪ್ಸಿಕಾರ್ಡ್ ಆಗಿ ಬದಲಾಯಿಸಿದ್ದರು! ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಜರ್ಮನಿಯಲ್ಲಿ ಗಾಟ್‌ಫ್ರೀಡ್ ಸಿಲ್ಬರ್‌ಮಾನ್ ಮಾಡಿದ ಪಿಯಾನೊ ನುಡಿಸಿ ನೋಡಿದ ಹೆಸರಾಂತ ಸಂಗೀತಕಾರ ಬಾಖ್ ಕೂಡ ಮೊದಲು ಮೆಚ್ಚಲಿಲ್ಲ. ಮೇಲಿನ ಸ್ವರಗಳು ಬಲಹೀನ, ಕೀ ಭಾರ ಎಂದ. ಸಿಲ್ಬರ್‌ಮಾನ್ ತಿದ್ದಿ ಸುಧಾರಿಸಿದ ಮೇಲೆ ಒಪ್ಪಿದ.

ಈ ವಾದ್ಯಕ್ಕೆಂದೇ ಅಚ್ಚಾದ ಮೊದಲ ಸಂಗೀತ ಬಂದಿದ್ದು 1732ರಲ್ಲಿ, ಫ್ಲಾರೆನ್ಸ್‌ನಲ್ಲೇ. ಬರೆದವನು ಲೊದೊವಿಕೊ ಜುಸ್ತೀನಿ, ಹತ್ತಿರದ ಪಿಸ್ತೋಯ ಊರಿನ ಚರ್ಚ್‌ನಲ್ಲಿ ಆರ್ಗನ್ ನುಡಿಸುತ್ತಿದ್ದವನು. ಬಾಖ್ ಹುಟ್ಟಿದ 1685ರಲ್ಲೇ ಹುಟ್ಟಿದವನು. ಒಟ್ಟು 12 ಸೊನಾಟಾಗಳು, ಅಂದರೆ ಹಲವು ಭಾಗಗಳಿರುವ ವಾದ್ಯ ರಚನೆಗಳು. ಜನ 'ಚಿಕ್ಕ ಸುತ್ತಿಗೆಗಳದ್ದು' ಎಂದು ಕರೆಯುವ ವಾದ್ಯಕ್ಕಾಗಿ ಎಂದು ಪುಸ್ತಕದ ಹೆಸರಿನಲ್ಲೇ ಇದೆ. ಪೋರ್ಚುಗಲ್‌ನ ರಾಜಕುಮಾರ ಅಂತೋನಿಯೊಗೆ ಅರ್ಪಣೆ.

ಇದರ ಸ್ವರಹಾಳೆ ನೋಡುವುದೇ ಒಂದು ಸಂತೋಷ. ಮೊದಲ ಸೊನಾಟಾದಲ್ಲಿ ಬಲೆಟ್ಟೊ, ಕೊರೆಂಟೆ, ಸರಬಾಂಡ, ಜಿಗ, ಮಿನುಯೆಟ್ ಎಂದು ಐದು ಭಾಗ. ಎಲ್ಲ ಹಳೆಯ ಕುಣಿತದ ಹೆಸರುಗಳೇ. ಬೆರಳಿನ ಓಡಾಟವೂ ಹಾರ್ಪ್ಸಿಕಾರ್ಡ್‌ನದ್ದೇ. ಆದರೆ ಪುಸ್ತಕದಲ್ಲಿ ಅಲ್ಲಲ್ಲಿ 'ಜೋರು', 'ಮೆಲ್ಲಗೆ' ಎಂಬ ಗುರುತುಗಳಿವೆ. ಕೆಲವು ಕಡೆ 'ಇನ್ನೂ ಮೆಲ್ಲಗೆ' ಎಂದೂ ಇದೆ. ಎರಡೇ ಮೆಟ್ಟಿಲು ಗೊತ್ತಿದ್ದ ಮನುಷ್ಯ 'ಇನ್ನೂ' ಎಂದು ಬರೆಯುವುದಿಲ್ಲ. ಮೆಲ್ಲಗಿನ ಕೆಳಗೂ ಜಾಗವಿದೆ, ಅಲ್ಲಿಗೆ ಬೆರಳಿಂದಲೇ ಇಳಿಯಬಹುದು ಎಂದು ಅವನಿಗೆ ತಿಳಿದಿತ್ತು. ಇದಾದ ಮೇಲೆ ಸುಮಾರು 30 ವರ್ಷ ಪಿಯಾನೊಗೆಂದೇ ಬರೆದದ್ದು ಇನ್ನೇನೂ ಅಚ್ಚಾಗಲಿಲ್ಲ.

ಕೀ ಸರಿಮಾಡಿ ಮುಗಿಸಿದ ಮೇಲೆ, ಆ ಮನೆಯಲ್ಲಿ ಕಲಿಯುವ ಮಕ್ಕಳಿದ್ದರೆ ಕೂರಿಸಿಕೊಳ್ಳುತ್ತೇನೆ. ದನಿ ಬಾರದಷ್ಟು ನಿಧಾನವಾಗಿ ಒಂದು ಕೀ ಒತ್ತಿಸುತ್ತೇನೆ. ಮುಕ್ಕಾಲು ದಾರಿಯಾದ ಮೇಲೆ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದೆ, ಆಮೇಲೆ ಏನೋ ಜಾರಿದ ಹಾಗಾಗುತ್ತದೆ. "ಅಂಕಲ್, ಇದೇನು?" ಎನ್ನುತ್ತಾರೆ. ಹಲಗೆ ತೆಗೆದೇ ಇರುತ್ತದೆ. ತಂತಿಯ ಹತ್ತಿರದವರೆಗೆ ಹೋಗಿ ಮೆಲ್ಲಗೆ ಹಿಂದೆ ಸರಿಯುವ ಸುತ್ತಿಗೆಯನ್ನು ತೋರಿಸಿ, ಕ್ರಿಸ್ಟೋಫೊರಿಯ ಹೆಸರು ಹೇಳುತ್ತೇನೆ.